ಪೆಂಟ್‌ಹೌಸ್ ಮಾರಾಟಕ್ಕಿದೆ, ಕೆಳಗಿನ ಸಹಿ ಯಾರದು?

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



‘ಮಹಿಳೆ ಮತ್ತು ಮನೆ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಸಾಹಿತಿಯಲ್ಲ, ವಕೀಲೆಯೂ ಅಲ್ಲ. ಎಂ.ಟೆಕ್. ಓದಿ ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಮಾಡುವವಳು. ಪರದೆಯ ಮೇಲೆ ಏನು ಕಾಣುತ್ತದೆ ಎನ್ನುವುದಕ್ಕಿಂತ ಅದರ ಹಿಂದೆ ಏನು ನಡೆಯುತ್ತಿದೆ ಎಂದು ನೋಡುವುದೇ ನಮ್ಮ ಕೆಲಸ. ಇವತ್ತು ಒಂದು ಜಾಹೀರಾತನ್ನು ಹಾಗೆ ನೋಡೋಣ ಎಂದುಕೊಂಡಿದ್ದೇನೆ.

ಇಂಥ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಮುಂಬಯಿಯ ಐತಿಹಾಸಿಕ ಬಡಾವಣೆಯಲ್ಲಿ ಐಷಾರಾಮಿ ಲಾಫ್ಟ್ ಪೆಂಟ್‌ಹೌಸ್ ಮಾರಾಟಕ್ಕಿದೆ. ಎರಡು ಅಂತಸ್ತಿನಷ್ಟು ಎತ್ತರದ ಹಜಾರ, ಸ್ವಂತ ತಾರಸಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳೆಯ ಊರಿನ ನೋಟ. ಬಡಾವಣೆ ಯಾವುದು ಎಂದು ನೋಡಿದರೆ ಲೋವರ್ ಪರೇಲ್, ಲಾಲ್‌ಬಾಗ್, ಗಿರ್ಗಾಂವ್, ಇಲ್ಲವೆ ನಮ್ಮ ಮಾಟುಂಗ. ಅಂದರೆ ನಮ್ಮ ಅಪ್ಪ, ಅಜ್ಜ ಊರಿನಿಂದ ಒಂದು ಟ್ರಂಕು ಹಿಡಿದು ಬಂದು ಇಳಿದ ಜಾಗಗಳೇ.

ಮೊದಲು ಆ ‘ಲಾಫ್ಟ್’ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ನಮ್ಮ ಭಾಷೆಯಲ್ಲಿ ಅದು ಅಟ್ಟ. ಊರಲ್ಲಿ ತೆಂಗಿನಕಾಯಿ, ಹುಣಸೆಹಣ್ಣು ಇಡುವ ಜಾಗ. ಮುಂಬಯಿಯ ಚಾಳಿನಲ್ಲಿ ಅದಕ್ಕೆ ಮರಾಠಿಯ ‘ಪೋಟ್‌ಮಾಳಾ’ ಎಂಬ ಹೆಸರು. ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಇರುವಾಗ ಹಲಗೆ ಹೊಡೆಸಿ ಮಾಡಿದ ಅರ್ಧ ಮಹಡಿ. ತಲೆ ಬಗ್ಗಿಸಿಯೇ ಕೂರಬೇಕು. ಊರಿನಿಂದ ಬಂದ ಭಾವ, ಮೈದುನ, ಸೋದರಳಿಯ ಎಲ್ಲ ಮಲಗುತ್ತಿದ್ದದ್ದು ಅಲ್ಲೇ. ಫೋರ್ಟಿನ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಕನ್ನಡ ರಾತ್ರಿ ಶಾಲೆಗೆ ಹೋಗಿ, ಮತ್ತೆ ಹೋಟೆಲಿನ ಅಟ್ಟದ ಮೇಲೆ ಮಲಗಿ ಮುಂದೆ ಬಂದ ಹಿರಿಯರು ನಮ್ಮ ಸಂಘಸಂಸ್ಥೆಗಳಲ್ಲಿ ಎಷ್ಟೋ ಜನ ಇದ್ದಾರೆ. ಆ ಅಟ್ಟವೇ ಈಗ ಹೆಸರು ಬದಲಿಸಿಕೊಂಡು ಕೋಟಿಗಟ್ಟಲೆ ಬೆಲೆಗೆ ಬಂದಿದೆ.

ಈ ಬೆಲೆಯ ಕಥೆ ಮೊದಲು ನ್ಯೂಯಾರ್ಕಿನಲ್ಲಿ ನಡೆಯಿತು. ಅಲ್ಲಿನ ಸೋಹೋ ಎಂಬ ಕಡೆ ಕಾರ್ಖಾನೆಗಳು ಖಾಲಿಯಾದಾಗ, ಎತ್ತರದ ಸೂರಿನ ಆ ಮಹಡಿಗಳಲ್ಲಿ ಕಲಾವಿದರು ಕಡಿಮೆ ಬಾಡಿಗೆಗೆ ಬಂದು ಸೇರಿಕೊಂಡರು. ಕಾನೂನಿನ ಪ್ರಕಾರ ಅದು ವಾಸದ ಮನೆಯಲ್ಲ. ಜಾಗಕ್ಕೆ ಹೆಸರು ಬಂತು, ಹಿಂದೆಯೇ ಹಣವಂತರು ಬಂದರು, ಮೊದಲು ಇದ್ದವರನ್ನು ಎಬ್ಬಿಸುವ ಕಾಲ ಬಂತು. ಆಗ, 1982ರಲ್ಲಿ, ಅಲ್ಲಿ ಲಾಫ್ಟ್ ವಾಸಿಗಳ ರಕ್ಷಣೆಗೆಂದೇ ಒಂದು ಕಾನೂನು ಮಾಡಿದರು.

ಅದೇ 1982ರ ಜನವರಿ 18ರಂದು ನಮ್ಮ ಮುಂಬಯಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದರು. ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ. ಒಂದೊಂದಾಗಿ ಗಿರಣಿಯ ಭೋಂಗಾ ನಿಂತಿತು. ಆ ಭೋಂಗಾ ಕೇಳಿ ಒಲೆ ಹಚ್ಚುತ್ತಿದ್ದ ತಾಯಂದಿರು ಮನೆ ನಡೆಸಲು ಖಾನಾವಳಿ ಇಟ್ಟರು, ಹಪ್ಪಳ ಲಟ್ಟಿಸಿದರು, ಮನೆಗೆಲಸಕ್ಕೆ ಹೋದರು.

ಉಳಿದದ್ದು ಭೂಮಿ. ನಗರದ ನಡುಮಧ್ಯದಲ್ಲಿ 58 ಗಿರಣಿಗಳ ಸುಮಾರು 600 ಎಕರೆ. 1991ರ ನಿಯಮದ ಪ್ರಕಾರ ಅಭಿವೃದ್ಧಿಗೆ ಬರುವ ಗಿರಣಿ ಭೂಮಿಯಲ್ಲಿ ಮೂರನೇ ಒಂದು ಪಾಲು ಸಾರ್ವಜನಿಕ ಬಯಲಿಗೆ, ಮೂರನೇ ಒಂದು ಪಾಲು ಮ್ಹಾಡಾದ ಮೂಲಕ ಜನರ ಮನೆಗಳಿಗೆ, ಉಳಿದ ಪಾಲು ಮಾಲೀಕರಿಗೆ ಎಂದಿತ್ತು. 2001ರಲ್ಲಿ ನಿಯಮ ಬದಲಾಯಿತು. ಹಂಚಬೇಕಾದದ್ದು ಕಟ್ಟಡವಿಲ್ಲದ ಖಾಲಿ ಜಾಗ ಮಾತ್ರ ಎಂದಾಯಿತು. ಗಿರಣಿ ಎಂದ ಮೇಲೆ ಶೆಡ್ಡುಗಳೇ ಹೆಚ್ಚು, ಖಾಲಿ ಜಾಗ ಎಷ್ಟಿರುತ್ತದೆ? ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2006ರ ಮಾರ್ಚಿನಲ್ಲಿ ಆ ಬದಲಾವಣೆಯನ್ನೇ ಕೋರ್ಟು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ ಮಾಲ್ ಆಯಿತು, ಶ್ರೀನಿವಾಸ ಮಿಲ್ಲಿನ ಜಾಗದಲ್ಲಿ ವರ್ಲ್ಡ್ ವನ್ ಟವರ್ ಎದ್ದಿತು. ಲಾಫ್ಟ್ ಪೆಂಟ್‌ಹೌಸಿನ ಕಿಟಕಿಯಿಂದ ಕಾಣುವ ‘ಐತಿಹಾಸಿಕ ನೋಟ’ ಎಂದರೆ ಅಲ್ಲಲ್ಲಿ ಉಳಿದಿರುವ ಆ ಚಿಮಣಿಗಳು ಮತ್ತು ಅವುಗಳ ಸುತ್ತಲಿನ ಚಾಳುಗಳ ಹಂಚಿನ ಮಾಡು.

ಗಿರಣಿಯ ಜಾಗದಲ್ಲಿ ಮಾತ್ರ ಟವರ್ ಏಳುತ್ತಿದೆ ಎಂದುಕೊಳ್ಳಬೇಡಿ. ಚಾಳುಗಳ ಜಾಗದಲ್ಲೂ ಏಳುತ್ತಿದೆ. ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ವಿಷಯ ಇರುವುದು ಇಲ್ಲೇ.

1947ರ ಬಾಡಿಗೆ ನಿಯಂತ್ರಣ ಕಾನೂನು ಮುಂಬಯಿಯ ಹಳೆಯ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರಿಗೆ ಆಸರೆಯಾಯಿತು, ನಿಜ. ಆದರೆ ಆ ಬಾಡಿಗೆಯಲ್ಲಿ ರಿಪೇರಿ ಮಾಡಿಸಲು ಯಾವ ಮಾಲೀಕನೂ ಮುಂದೆ ಬರಲಿಲ್ಲ. ಕಟ್ಟಡಗಳು ಕುಸಿಯತೊಡಗಿದವು. 1969ರಲ್ಲಿ ಸರಕಾರ ರಿಪೇರಿ ಮಂಡಳಿಯ ಕಾನೂನು ಮಾಡಿ, ಈ ಕಟ್ಟಡಗಳಿಂದ ಸೆಸ್ ವಸೂಲಿ ಮಾಡತೊಡಗಿತು. ‘ಸೆಸ್ ಬಿಲ್ಡಿಂಗ್’ ಎಂಬ ಹೆಸರು ಬಂದದ್ದು ಹಾಗೆ. ಆಗ ದ್ವೀಪ ನಗರದಲ್ಲಿ ಇಂಥ ಕಟ್ಟಡಗಳು 19,642 ಇದ್ದವು.

ಈಗ ಇವುಗಳನ್ನು ಕೆಡವಿ ಕಟ್ಟಲು 33(7) ಎಂಬ ನಿಯಮವಿದೆ. ಅದರ ಲೆಕ್ಕ ಹೀಗೆ: ಬಿಲ್ಡರ್ ಪ್ರತಿ ಹಳೆಯ ಬಾಡಿಗೆದಾರರಿಗೆ ಕನಿಷ್ಠ 300 ಚದರ ಅಡಿಯ ಮನೆಯನ್ನು ಉಚಿತವಾಗಿ ಕಟ್ಟಿಕೊಡಬೇಕು. ಅದಕ್ಕೆ ಪ್ರತಿಯಾಗಿ ಅವನಿಗೆ ಹೆಚ್ಚುವರಿ ಕಟ್ಟುವ ಹಕ್ಕು, ಅಂದರೆ ಎಫ್‌ಎಸ್‌ಐ, ಸಿಗುತ್ತದೆ. ಆ ಹೆಚ್ಚುವರಿ ಹಕ್ಕಿನಲ್ಲಿ ಕಟ್ಟಿದ ಮನೆಗಳನ್ನು ಅವನು ಮಾರುತ್ತಾನೆ. ಕೆಲಸ ಶುರುವಾಗಬೇಕಾದರೆ ಬಾಡಿಗೆದಾರರ ಒಪ್ಪಿಗೆ ಬೇಕು. ಮೊದಲು ನೂರಕ್ಕೆ 70 ಜನ ಒಪ್ಪಬೇಕಿತ್ತು, ಈಗ 51 ಸಾಕು.

ಈ ಲೆಕ್ಕವನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. ತುತ್ತತುದಿಯ ಪೆಂಟ್‌ಹೌಸ್ ನಿಂತಿರುವುದು ಸಿಮೆಂಟಿನ ಕಂಬಗಳ ಮೇಲೆ ಮಾತ್ರವಲ್ಲ, ಕೆಳಗಿನ ಖೋಲಿಗಳವರ ಸಹಿಯ ಮೇಲೂ. ಆ ಸಹಿ ಇಲ್ಲದಿದ್ದರೆ ಹೆಚ್ಚುವರಿ ಎಫ್‌ಎಸ್‌ಐ ಇಲ್ಲ, ಮಾರುವ ಮಹಡಿ ಇಲ್ಲ, ಜಾಹೀರಾತೂ ಇಲ್ಲ. ಹಾಗಾದರೆ ಆ ಸಹಿ ಯಾರದು? ನಾನು ಕೇಳಬೇಕೆಂದಿರುವ ಪ್ರಶ್ನೆ ಇದೊಂದೇ.

ನನ್ನ ದೊಡ್ಡಮ್ಮ ಲಾಲ್‌ಬಾಗಿನ ಒಂದು ಚಾಳಿಗೆ ಮದುವೆಯಾಗಿ ಬಂದವರು. 42 ವರ್ಷ ಅದೇ ಖೋಲಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೀರು ತುಂಬಿದವರು ಅವರು, ಮಳೆಗಾಲದಲ್ಲಿ ಮಾಡಿಗೆ ಪ್ಲಾಸ್ಟಿಕ್ ಹೊದೆಸಿದವರು ಅವರು, ಅತ್ತೆಮಾವಂದಿರ ಚಾಕರಿ ಮಾಡಿ ಕಳಿಸಿಕೊಟ್ಟವರು ಅವರು. ದೊಡ್ಡಪ್ಪ ತೀರಿಕೊಂಡ ಮೇಲೆ ಬಾಡಿಗೆ ಕಟ್ಟುತ್ತಿರುವವರೂ ಅವರೇ. ರಿಡೆವಲಪ್‌ಮೆಂಟಿನ ಮೀಟಿಂಗ್ ಶುರುವಾದಾಗ ಬಿಲ್ಡರ್ ಕಡೆಯವರು ಪಟ್ಟಿ ಹಿಡಿದು ಬಂದರು. ದೊಡ್ಡಮ್ಮನನ್ನು ನೋಡಿ, “ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ?” ಎಂದು ಕೇಳಿದರು. ಪಟ್ಟಿಯಲ್ಲಿ ಇದ್ದದ್ದು ಅವರ ಮಾವನ ಹೆಸರು. ಮಾವ ಹೋಗಿ 30 ವರ್ಷವಾಗಿದೆ. ಬಾಡಿಗೆ ರಸೀದಿ ಇಂದಿಗೂ ಅವರ ಹೆಸರಿನಲ್ಲೇ ಬರುತ್ತಿದೆ.

ಆ ರಾತ್ರಿ ದೊಡ್ಡಮ್ಮ ನನಗೆ ಫೋನ್ ಮಾಡಿ, “ಮಗಾ, ಕಂಪ್ಯೂಟರಿನಲ್ಲಿ ಒಮ್ಮೆ ನೋಡು, ನನ್ನ ಹೆಸರು ಎಲ್ಲಿಯಾದರೂ ಉಂಟಾ?” ಎಂದರು. ನಮ್ಮ ಕ್ಷೇತ್ರದಲ್ಲಿ ಯೂಸರ್ ಐಡಿ ಇಲ್ಲದವರು ಹತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದರೂ ಸಿಸ್ಟಮ್ ಅವರನ್ನು ಗುರುತಿಸುವುದಿಲ್ಲ. ದೊಡ್ಡಮ್ಮನ ಸ್ಥಿತಿ ಅದೇ ಆಗಿತ್ತು.

ಇದರಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಇನ್ನೊಂದು ವಿಷಯ. ದೊಡ್ಡಮ್ಮ ಹುಟ್ಟಿದ್ದು ಕರಾವಳಿಯ ಅಳಿಯಸಂತಾನದ ಮನೆತನದಲ್ಲಿ. ಅಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿದ್ದರೂ ಕುಟುಂಬ ಎಣಿಸುವುದು ತಾಯಿಯ ಕಡೆಯಿಂದ. ಗುತ್ತಿನ ಮನೆಗೆ ಹಕ್ಕುದಾರರು ಯಾರು ಎಂದರೆ ಹೆಣ್ಣುಮಕ್ಕಳ ಸಂತಾನ. ಅಂಥ ಮನೆಯ ಮಗಳು ಮುಂಬಯಿಗೆ ಬಂದು ಒಂದು ಖೋಲಿಯ ರಸೀದಿಯಲ್ಲಿ ಹೆಸರಿಲ್ಲದವಳಾದಳು. ಊರಿನಿಂದ ನಾವು ಕೋಲ, ನೇಮ, ಯಕ್ಷಗಾನ, ಗಂಜಿ ಊಟ ಎಲ್ಲವನ್ನೂ ತಂದೆವು. ಮನೆಯಲ್ಲಿ ಹೆಣ್ಣಿಗಿದ್ದ ಹೆಸರನ್ನು ಮಾತ್ರ ಊರಿನಲ್ಲೇ ಬಿಟ್ಟು ಬಂದೆವು.

ಹಾಗಾದರೆ ದೊಡ್ಡಮ್ಮನಿಗೆ ದಾರಿ ಇಲ್ಲವೇ? ಇದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು, 1999, ‘ಬಾಡಿಗೆದಾರ’ ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ, ಬಾಡಿಗೆದಾರ ತೀರಿಕೊಂಡಾಗ ಅವನ ಜೊತೆ ವಾಸವಾಗಿದ್ದ ಕುಟುಂಬದ ಸದಸ್ಯರೂ ಸೇರುತ್ತಾರೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಬೇರೆ ವಾರಸುದಾರರ ಸರದಿ. ಅಂದರೆ ಮುಖ್ಯವಾದದ್ದು ಜೊತೆಗೆ ವಾಸವಿದ್ದ ಪುರಾವೆ. ಮನೆಯವರಲ್ಲಿ ಒಮ್ಮತವಾಗದಿದ್ದರೆ ಕೋರ್ಟು ತೀರ್ಮಾನಿಸುತ್ತದೆ.

ನಾವು ದೊಡ್ಡಮ್ಮನ ಟ್ರಂಕು ತೆರೆದೆವು. ಹಳೆಯ ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ, ಲೈಟ್ ಬಿಲ್ಲುಗಳು, ಗ್ಯಾಸಿನ ಪುಸ್ತಕ, ಮಾವನ ಮತ್ತು ದೊಡ್ಡಪ್ಪನ ಮರಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು. ಎಲ್ಲದರಲ್ಲೂ ಅದೇ ಖೋಲಿಯ ವಿಳಾಸ. ದಿನಾಂಕದ ಪ್ರಕಾರ ಜೋಡಿಸಿ ಸ್ಕ್ಯಾನ್ ಮಾಡಿದೆವು. ವಕೀಲರ ಮೂಲಕ ಮಾಲೀಕರಿಗೆ ಬರೆದೆವು. ಊರಲ್ಲಿರುವ ಮೈದುನನ ಮಕ್ಕಳಿಂದ ‘ನಮ್ಮ ಆಕ್ಷೇಪವಿಲ್ಲ’ ಎಂಬ ಅಫಿಡವಿಟ್ ಕೇಳಿದೆವು. ಇಬ್ಬರು ಕೊಟ್ಟಿದ್ದಾರೆ, ಒಬ್ಬ ಇನ್ನೂ ಕೊಟ್ಟಿಲ್ಲ. ಖೋಲಿಗೆ ಬೆಲೆ ಇಲ್ಲದಿದ್ದಾಗ ಯಾರೂ ಕೇಳಿದವರಲ್ಲ. ಮೇಲೆ ಪೆಂಟ್‌ಹೌಸ್ ಬರುತ್ತದೆ ಎಂದಾಗ ಕೆಳಗಿನ ಖೋಲಿಗೂ ಬಂಧುಗಳು ಹುಟ್ಟಿಕೊಳ್ಳುತ್ತಾರೆ. ಕೆಲಸ ಇನ್ನೂ ಮುಗಿದಿಲ್ಲ. ಆದರೆ ಈಗ ಮೀಟಿಂಗಿಗೆ ಹೋದಾಗ ದೊಡ್ಡಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇದೆ.

ಪಗಡಿ ಮನೆಗಳಲ್ಲಿ ಇರುವವರಿಗೆ ನನ್ನ ವಿನಂತಿ ಮೂರು. ಒಂದು, ಇವತ್ತು ರಾತ್ರಿಯೇ ಬಾಡಿಗೆ ರಸೀದಿ ತೆಗೆದು ಯಾರ ಹೆಸರಿದೆ ನೋಡಿ. ಮರಣವಾದ ಕೂಡಲೇ ಹೆಸರು ಬದಲಾವಣೆಗೆ ಬರವಣಿಗೆಯಲ್ಲಿ ಕೇಳಿ. 30 ವರ್ಷ ಕಾಯಬೇಡಿ. ಎರಡು, ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಅದರ ಪ್ರತಿ ಮನೆಗೆ ತನ್ನಿ, ಓದಿಸಿ ಕೇಳಿ. ಕಾರ್ಪೆಟ್ ಏರಿಯಾ ಎಷ್ಟು, ಕಟ್ಟುವವರೆಗಿನ ತಿಂಗಳ ಬಾಡಿಗೆ ಎಷ್ಟು, ಎಷ್ಟು ತಿಂಗಳು, ಕೆಲಸ ನಿಂತರೆ ಏನು, ಬ್ಯಾಂಕ್ ಗ್ಯಾರಂಟಿ ಇದೆಯೇ, ಎಲ್ಲ ಅದರಲ್ಲಿ ಇರಬೇಕು. ಮೂರು, ಖೋಲಿ ಖಾಲಿ ಮಾಡುವ ಮುನ್ನ ಬದಲಿ ಮನೆಯ ಒಪ್ಪಂದ ನೋಂದಣಿಯಾಗಿರಲಿ, ಅದರಲ್ಲಿ ನಿಮ್ಮ ಹೆಸರಿರಲಿ. ಬಾಡಿಗೆದಾರಳಿಗೆ ದೊಡ್ಡ ರಕ್ಷಣೆ ಆ ನೋಂದಾಯಿತ ಕಾಗದವೇ.

ನಮ್ಮದು ಸೊಸೈಟಿಯ ಫ್ಲ್ಯಾಟ್, ನಮಗೇನು ಎಂದು ಉಪನಗರದವರು ಹೇಳಬಹುದು. ಮುಲುಂಡ್, ಘಾಟ್‌ಕೋಪರ್, ಬೋರಿವಲಿಯ ಹಳೆಯ ಸೊಸೈಟಿಗಳೂ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. 2019ರ ಜುಲೈ 4ರ ಸರಕಾರಿ ಆದೇಶದಂತೆ ಅಲ್ಲಿಯೂ 51 ಶೇಕಡಾ ಸದಸ್ಯರ ಒಪ್ಪಿಗೆ ಸಾಕು. ಸದಸ್ಯರು ಎಂದರೆ ಶೇರ್ ಸರ್ಟಿಫಿಕೇಟಿನಲ್ಲಿ ಹೆಸರಿರುವವರು. ಸಾಲದ ಕಂತು ನಿಮ್ಮ ಸಂಬಳದಿಂದ ಹೋಗಿರಬಹುದು, ಹೆಸರಿಲ್ಲದಿದ್ದರೆ ಸಭೆಯಲ್ಲಿ ಕೈ ಎತ್ತುವ ಹಕ್ಕು ನಿಮ್ಮದಲ್ಲ.

ನಾಮಿನೇಶನ್ ಮಾಡಿದ್ದೇವೆ, ಸಾಕಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಸಾಲದು. ನಾಮಿನಿಯನ್ನು ಸೊಸೈಟಿ ತಾತ್ಕಾಲಿಕ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತದೆ, ಆದರೆ ಒಡೆತನ ನಿರ್ಧಾರವಾಗುವುದು ವಾರಸಾ ಕಾನೂನಿನಿಂದ ಅಥವಾ ಉಯಿಲಿನಿಂದ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಇನ್ನೂ ಒಂದು ಮಾತಿದೆ, ದುಡಿಯುವ ಹೆಣ್ಣುಮಕ್ಕಳು ಅದನ್ನು ತಿಳಿದಿರಲೇಬೇಕು. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಅವಳು ಸ್ವಂತ ದುಡಿಮೆಯಿಂದ ಕೊಂಡ ಮನೆ ಮೊದಲು ಹೋಗುವುದು ಗಂಡನ ಕಡೆಯ ವಾರಸುದಾರರಿಗೆ. ಅವಳನ್ನು ಓದಿಸಿದ ತಾಯಿತಂದೆಯರ ಸರದಿ ಆಮೇಲೆ. ಅಳಿಯಸಂತಾನದ ಮನೆತನಗಳಿಗೆ ಇದೇ ಕಾನೂನಿನ 17ನೇ ಸೆಕ್ಷನ್ನಿನಲ್ಲಿ ಬೇರೆ ಕ್ರಮವಿದೆ. ಅಲ್ಲಿ ಮಕ್ಕಳ ಜೊತೆಗೇ ತಾಯಿಗೂ ಮೊದಲ ಸಾಲಿನಲ್ಲಿ ಜಾಗ. ಯಾವ ಮನೆತನವೇ ಆಗಲಿ, ಒಂದು ಉಯಿಲು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಈ ಗೊಂದಲವೆಲ್ಲ ತಪ್ಪುತ್ತದೆ. ಉಯಿಲು ಬರೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ ಬೇಡ.

ಇನ್ನು ಮನೆ ಕೊಳ್ಳುವ ನನ್ನ ವಯಸ್ಸಿನ ಗೆಳತಿಯರಿಗೆ ಎರಡು ಮಾತು. ಪೆಂಟ್‌ಹೌಸ್ ಕೊಳ್ಳುವವರು ನಮ್ಮಲ್ಲಿ ಕಡಿಮೆ, ಆದರೆ ಜಾಹೀರಾತು ಓದುವ ಕ್ರಮ ಒಂದು ಬಿಎಚ್‌ಕೆಗೂ ಅದೇ. 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಾದ ರೇರಾ ಕಾನೂನಿನ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಬಾಲ್ಕನಿಯೂ ಸೇರುವುದಿಲ್ಲ, ತೆರೆದ ತಾರಸಿಯೂ ಸೇರುವುದಿಲ್ಲ. ಕಟ್ಟಡದ ಸಾಮಾನ್ಯ ತಾರಸಿ ಎಲ್ಲ ನಿವಾಸಿಗಳದು. ‘ಸ್ವಂತ ತಾರಸಿ’ ಎಂದರೆ ಮಂಜೂರಾದ ನಕ್ಷೆಯಲ್ಲಿ ಹಾಗೆಂದು ಇದೆಯೇ ನೋಡಿ. ತೆರೆದ ಪಾರ್ಕಿಂಗ್ ಜಾಗವನ್ನೂ ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ; ಸ್ಟಿಲ್ಟ್ ಪಾರ್ಕಿಂಗಿನ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಮಹಾರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನಕ್ಷೆ, ಮುಗಿಸುವ ದಿನಾಂಕ, ಕೋರ್ಟು ವ್ಯಾಜ್ಯ ಎಲ್ಲ ಸಿಗುತ್ತದೆ. ಅರ್ಧ ಗಂಟೆಯ ಕೆಲಸ.

ಮತ್ತೊಂದು. 2021ರ ಏಪ್ರಿಲ್ 1ರಿಂದ ಮಹಾರಾಷ್ಟ್ರದಲ್ಲಿ ಮನೆಯನ್ನು ಮಹಿಳೆಯ ಹೆಸರಿಗೇ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ 1 ಶೇಕಡಾ ರಿಯಾಯಿತಿ ಇದೆ. ಒಂದು ಕೋಟಿಯ ಮನೆಗೆ ಒಂದು ಲಕ್ಷ ಉಳಿತಾಯ. ಹೀಗೆ ಕೊಂಡ ಮನೆಯನ್ನು 15 ವರ್ಷ ಗಂಡಸರಿಗೆ ಮಾರಬಾರದೆಂಬ ಷರತ್ತು ಮೊದಲು ಇತ್ತು, 2023ರಲ್ಲಿ ತೆಗೆದರು. ಗಂಡಹೆಂಡತಿ ಇಬ್ಬರ ಹೆಸರಿಗೂ ಕೊಂಡರೆ ಈ ರಿಯಾಯಿತಿ ಇಲ್ಲ. ಆದರೆ ರಿಯಾಯಿತಿಗಾಗಿ ಹೆಸರು ಹಾಕಿಸಿ, ಕಾಗದ ಎಲ್ಲಿದೆ ಎಂದೇ ಅವಳಿಗೆ ತಿಳಿಸದ ಮನೆಗಳೂ ಇವೆ. ಹೆಸರು ಹಾಕಿಸಿಕೊಂಡವರು ಕಾಗದವನ್ನೂ ಓದಿರಬೇಕು.

ನಾನು ಟವರ್ ವಿರೋಧಿಯಲ್ಲ. ಚಾಳಿನ ಬದುಕು ಎಷ್ಟು ಅನ್ಯೋನ್ಯವಾಗಿತ್ತು ಎಂದು ಹೊರಗಿನಿಂದ ಹೊಗಳುವುದು ಸುಲಭ. ನಡುರಾತ್ರಿ ಮೊಮ್ಮಗಳನ್ನು ಕರೆದುಕೊಂಡು ಕಾರಿಡಾರಿನ ತುದಿಯ ಸಾಮೂಹಿಕ ಶೌಚಾಲಯಕ್ಕೆ ಹೋದವರನ್ನು ಕೇಳಿ, ಮನೆಯೊಳಗಿನ ಬಾತ್‌ರೂಮಿನ ಬೆಲೆ ಅವರು ಹೇಳುತ್ತಾರೆ. 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳುಗಳಲ್ಲಿ ಒಂದೊಂದು ಖೋಲಿ 160 ಚದರ ಅಡಿ. ವರ್ಲಿಯಲ್ಲಿ 2025ರ ಆಗಸ್ಟ್‌ನಲ್ಲಿ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಯ ಕೀಲಿಕೈ ಸಿಕ್ಕಿತು. ಆ ದಿನದ ಸಂತೋಷ ನಿಜವಾದದ್ದು. ಹೊಸ ಮನೆಗೆ ಲಿಫ್ಟಿನ, ಪಂಪಿನ, ಕಾವಲಿನ ತಿಂಗಳ ಖರ್ಚು ಬರುತ್ತದೆ, ಪಿಂಚಣಿಯಲ್ಲಿರುವವರು ಅದನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಹಳೆಯದು ಹೋಗಲಿ, ಹೊಸದು ಬರಲಿ. ಬರುವ ಹೊಸ ಮನೆಯ ಕಾಗದದಲ್ಲಿ, ಹಳೆಯ ಮನೆಯನ್ನು ಬಾಳಿಸಿದವಳ ಹೆಸರು ಇರಲಿ ಎನ್ನುವುದಷ್ಟೇ ನನ್ನ ಮಾತು.

ಕೊನೆಯದಾಗಿ ಮಹಿಳಾ ವಿಭಾಗಕ್ಕೆ ಒಂದು ಸಲಹೆ. ಅರಸಿನ ಕುಂಕುಮ, ಆಟಿಡೊಂಜಿ ದಿನ, ರಂಗೋಲಿ ಸ್ಪರ್ಧೆ ಎಲ್ಲವೂ ನಡೆಯಲಿ. ಅದರ ಜೊತೆಗೆ ವರ್ಷಕ್ಕೆ ಎರಡು ಭಾನುವಾರ ‘ಕಾಗದ ನೋಡುವ ದಿನ’ ಇಟ್ಟುಕೊಳ್ಳೋಣ. ನಮ್ಮಲ್ಲಿ ವಕೀಲೆಯರಿದ್ದಾರೆ, ಬ್ಯಾಂಕಿನಲ್ಲಿ ಇರುವವರಿದ್ದಾರೆ, ಸೊಸೈಟಿಯ ಕಾರ್ಯದರ್ಶಿಯಾದವರಿದ್ದಾರೆ. ಸ್ಕ್ಯಾನ್ ಮಾಡಿ, ಜೋಡಿಸಿ, ಕಡತ ಮಾಡಿಕೊಡುವ ಕೆಲಸಕ್ಕೆ ನಾನು ಮತ್ತು ನನ್ನ ಗೆಳತಿಯರು ಲ್ಯಾಪ್‌ಟಾಪ್ ಹಿಡಿದು ಬರುತ್ತೇವೆ. ಮರಾಠಿ, ಇಂಗ್ಲಿಷ್ ಕಾಗದ ಓದಲಾಗದ ಅಮ್ಮಂದಿರಿಗೆ ಕನ್ನಡದಲ್ಲೋ ತುಳುವಿನಲ್ಲೋ ಅರ್ಥ ಹೇಳಿದರೆ ಅದೂ ಭಾಷಾಸೇವೆಯೇ. ಒಪ್ಪಿದವರು ಇವತ್ತೇ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ.